ವಿಡಿಯೋ ಹಾಕುವ ಮೊದಲು ಪ್ರಶ್ನೆ ಕೇಳಿ: ಭೌತ, ರಸಾಯನ ಪಾಠಕ್ಕೆ ವಿಡಿಯೋ ಬಳಸುವ ಬಗೆ

ಮಂಡ್ಯ, ಮದ್ದೂರು, ಪಾಂಡವಪುರ, ಟಿ. ನರಸೀಪುರ ಕಡೆಯ ಎಷ್ಟೋ ಪ್ರೌಢಶಾಲೆಗಳಲ್ಲಿ ಈಗ ಒಂದು ಟೀವಿಯೋ ಪ್ರೊಜೆಕ್ಟರೋ ಇದೆ. ಇಲ್ಲದ ಕಡೆ ಮೇಷ್ಟ್ರ ಫೋನ್ ಇದೆ. ವಿಡಿಯೋಗಳಿಗಂತೂ ಬರವಿಲ್ಲ. ಹತ್ತನೇ ತರಗತಿಯ ಯಾವ ಪಾಠದ ಹೆಸರು ಹಾಕಿ ಹುಡುಕಿದರೂ ಕನ್ನಡದಲ್ಲೇ ಹತ್ತಾರು ಸಿಗುತ್ತವೆ. ಆದರೂ ಮಕ್ಕಳಿಗೆ ಓಮನ ನಿಯಮ ಕಷ್ಟ, ಸಮೀಕರಣ ಸರಿದೂಗಿಸುವುದು ಕಷ್ಟ ಅನ್ನುವ ಮಾತು ಸ್ಟಾಫ್ ರೂಮಿನಲ್ಲಿ ಕಡಿಮೆಯಾಗಿಲ್ಲ.

ಇದಕ್ಕೆ ಕಾರಣ ಮಕ್ಕಳ ಸೋಮಾರಿತನ ಅಲ್ಲ. ಚೆನ್ನಾಗಿ ಮಾಡಿದ ವಿಡಿಯೋ ನೋಡುವಾಗ ಎಲ್ಲವೂ ಸಲೀಸಾಗಿ ಕಾಣುತ್ತದೆ. ನೋಡಿದವರಿಗೆ ‘ಇದು ನನಗೆ ಗೊತ್ತು’ ಅನ್ನಿಸಿಬಿಡುತ್ತದೆ. ಡೆರೆಕ್ ಮುಲ್ಲರ್ ಅವರು 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಮುಗಿಸಿದ ಪಿಎಚ್‌.ಡಿ. ಸಂಶೋಧನೆ ಇದೇ ವಿಷಯದ್ದು. ನೇರವಾಗಿ, ಸ್ಪಷ್ಟವಾಗಿ ವಿವರಿಸುವ ಭೌತಶಾಸ್ತ್ರದ ವಿಡಿಯೋ ನೋಡಿದವರು ‘ತುಂಬಾ ಚೆನ್ನಾಗಿ ಅರ್ಥವಾಯಿತು’ ಎಂದರು. ಪರೀಕ್ಷೆ ಕೊಟ್ಟರೆ ಹೆಚ್ಚೇನೂ ಕಲಿತಿರಲಿಲ್ಲ. ಜನರಲ್ಲಿ ಸಾಮಾನ್ಯವಾಗಿ ಇರುವ ತಪ್ಪು ತಿಳಿವಳಿಕೆಯನ್ನು ಮೊದಲು ಆಡಿ ತೋರಿಸಿ, ಆಮೇಲೆ ಅದನ್ನು ಬಿಡಿಸಿದ ವಿಡಿಯೋವನ್ನು ನೋಡಿದವರು ‘ಸ್ವಲ್ಪ ಗೊಂದಲ ಆಯಿತು’ ಎಂದರು. ಅವರೇ ಜಾಸ್ತಿ ಕಲಿತಿದ್ದರು.

ನಮ್ಮ ತರಗತಿಗೆ ಇದರ ಅರ್ಥ ಇಷ್ಟು. ಮಗುವಿನ ತಲೆಯಲ್ಲಿ ಈಗಾಗಲೇ ಏನಿದೆ ಅನ್ನುವುದು ಮೊದಲು ಹೊರಗೆ ಬರಬೇಕು. ಆಮೇಲೆ ವಿಡಿಯೋ ಓಡಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಕೆಲಸಕ್ಕಾಗಿ.

ಈ ಪಾಠಕ್ಕೆ ವಿಡಿಯೋ ಬೇಕಾ?

ಕೈಯಲ್ಲಿ ಮಾಡಬಹುದಾದದ್ದನ್ನು ಕೈಯಲ್ಲೇ ಮಾಡಿಸಿ. ಲಿಟ್ಮಸ್ ಬಣ್ಣ ಬದಲಾಗುವುದು, ನಿಂಬೆರಸಕ್ಕೆ ಅಡುಗೆ ಸೋಡಾ ಹಾಕಿದರೆ ನೊರೆ ಬರುವುದು, ಕಾಂತದ ಸುತ್ತ ಕಬ್ಬಿಣದ ಪುಡಿ ಸಾಲುಗಟ್ಟುವುದು, ಮಸೂರದಿಂದ ಕಿಟಕಿಯ ಚಿತ್ರ ಗೋಡೆಯ ಮೇಲೆ ಮೂಡುವುದು. ಇವನ್ನು ಪರದೆಯ ಮೇಲೆ ತೋರಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ ಎಂದೇ ನಾನು ಹೇಳುತ್ತೇನೆ. ಮೈಲುತುತ್ತದ ದ್ರಾವಣದಲ್ಲಿ ಮೊಳೆ ಇಟ್ಟು, ನೀಲಿ ಮಾಸಿ ಮೊಳೆಯ ಮೇಲೆ ಕಂದು ಕೂರುವುದನ್ನು ಮಗು ತನ್ನ ಪ್ರನಾಳದಲ್ಲೇ ಕಾಯ್ದು ನೋಡಬೇಕು. ಕಾಯುವುದೂ ವಿಜ್ಞಾನದ ಪಾಠವೇ ಅಲ್ವಾ?

ಶಾಲೆಯಲ್ಲಿ ಮಾಡಲಾಗದ್ದಕ್ಕೆ ವಿಡಿಯೋ ಇಟ್ಟುಕೊಳ್ಳಿ. ಸೋಡಿಯಂ, ಪೊಟ್ಯಾಸಿಯಂ ನೀರಿಗೆ ಬಿದ್ದಾಗ ಆಗುವುದು, ರೈಲು ಹಳಿ ಬೆಸೆಯುವ ಥರ್ಮೈಟ್ ಕ್ರಿಯೆ: ಇವು ಅಪಾಯದವು. ಪರಮಾಣು, ಅಯಾನುಗಳ ಓಡಾಟ ಕಣ್ಣಿಗೆ ಕಾಣದ್ದು. ಎರಡು ಗೋಲಿ ಡಿಕ್ಕಿ ಹೊಡೆಯುವ ಕ್ಷಣ ಕಣ್ಣಿಗೆ ಸಿಗದಷ್ಟು ಬೇಗ ಮುಗಿಯುತ್ತದೆ. ಕಬ್ಬಿಣ ತುಕ್ಕು ಹಿಡಿಯಲು ವಾರಗಟ್ಟಲೆ ಬೇಕು. ಚಂದ್ರನ ಮೇಲೆ ಹೋಗಿ ಪ್ರಯೋಗ ಮಾಡಲು ನಮಗೆ ಆಗುವುದಿಲ್ಲ. ಒಂದು ಅಧ್ಯಾಯಕ್ಕೆ ಇಂಥ ಒಂದೋ ಎರಡೋ ತುಣುಕು ಸಾಕು. ಪೋರ್ಷನ್ ಮುಗಿಸುವ ಒತ್ತಡದಲ್ಲಿ ಇಡೀ ಅಧ್ಯಾಯವನ್ನೇ ವಿಡಿಯೋಗೆ ಒಪ್ಪಿಸಿದರೆ ಪುಟ ಮುಗಿಯುತ್ತದೆ, ಪಾಠ ಹಾಗೇ ಉಳಿಯುತ್ತದೆ.

ಹುಡುಕುವುದು, ಜರಡಿ ಹಿಡಿಯುವುದು

ಮೊದಲು ಪಠ್ಯಪುಸ್ತಕದ ಪುಟದಲ್ಲೇ ಇರುವ ಕ್ಯೂಆರ್ ಕೋಡ್ ನೋಡಿ. ಅದನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಹೊಂದಿಸಿದ ಸಾಮಗ್ರಿ ತೆರೆಯುತ್ತದೆ. 2017ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಕನ್ನಡದ ಸಾಮಗ್ರಿಯೂ ಇದೆ. ಎಲ್ಲವೂ ಒಂದೇ ಗುಣಮಟ್ಟದ್ದಲ್ಲ, ಆದರೆ ನಮ್ಮ ಪಠ್ಯದ ಪದಗಳನ್ನೇ ಬಳಸಿರುತ್ತಾರೆ ಅನ್ನುವುದು ದೊಡ್ಡ ಅನುಕೂಲ.

ಇನ್ನೊಂದು ಫೆಟ್ (PhET). ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ, ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಇದು ವಿಡಿಯೋ ಅಲ್ಲ, ಮುಟ್ಟಿ ಆಡಿಸಬಹುದಾದ ಪರದೆ. ಸರ್ಕ್ಯೂಟ್ ಜೋಡಿಸಬಹುದು, ಅನಿಲದ ಕಣಗಳನ್ನು ಬಿಸಿ ಮಾಡಬಹುದು, ಪಿಎಚ್ ಬದಲಿಸಬಹುದು. ಉಚಿತ. ಹಲವು ಕನ್ನಡಕ್ಕೂ ಬಂದಿವೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓಡುತ್ತವೆ. ಭೌತಶಾಸ್ತ್ರಕ್ಕೆ ನೀವು ಒಂದನ್ನೇ ಕಲಿಯುವುದಾದರೆ ಇದನ್ನೇ ಕಲಿಯಿರಿ.

ಯಾವುದನ್ನು ಆರಿಸಿದರೂ ಹಿಂದಿನ ದಿನ ಪೂರ್ತಿ ನೋಡಿ. ಮೊದಲ ಎರಡು ನಿಮಿಷ ನೋಡಿ ‘ಚೆನ್ನಾಗಿದೆ’ ಎಂದು ತರಗತಿಗೆ ತರಬೇಡಿ. ಜನಪ್ರಿಯ ವಿಡಿಯೋಗಳಲ್ಲೂ ತಪ್ಪುಗಳು ನುಸುಳಿರುತ್ತವೆ. ಹೆಚ್ಚಾಗಿ ಕಾಣುವ ಮೂರನ್ನು ಹೇಳುತ್ತೇನೆ.

ಒಂದು, ಕರೆಂಟು ಬಲ್ಬಿನಲ್ಲಿ ಖರ್ಚಾಗಿ ಕಡಿಮೆಯಾಗುತ್ತದೆ ಅನ್ನುವಂಥ ಚಿತ್ರ. ಸರಣಿ ಜೋಡಣೆಯಲ್ಲಿ ಬಲ್ಬಿನ ಈ ಕಡೆಯೂ ಆ ಕಡೆಯೂ ವಿದ್ಯುತ್ ಪ್ರವಾಹ ಅಷ್ಟೇ ಇರುತ್ತದೆ. ಎರಡು, ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವ ಇಲ್ಲ ಅನ್ನುವ ಮಾತು. ಆ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಭೂಮಿಯ ಗುರುತ್ವ ನೆಲದಲ್ಲಿ ಇರುವುದರ ಶೇಕಡಾ 90ರ ಹತ್ತಿರ ಇದೆ. ಗಗನಯಾತ್ರಿಗಳು ನಿಲ್ದಾಣದ ಜೊತೆಗೇ ಸದಾ ಭೂಮಿಯ ಕಡೆ ಬೀಳುತ್ತಾ ಸುತ್ತುವುದರಿಂದ ತೇಲಿದಂತೆ ಕಾಣುತ್ತಾರೆ. ಮೂರು, ಸೂರ್ಯನ ಸುತ್ತ ಗ್ರಹಗಳು ಸುತ್ತುವಂತೆ ಪರಮಾಣುವಿನ ಕೇಂದ್ರದ ಸುತ್ತ ಸುತ್ತುವ ಎಲೆಕ್ಟ್ರಾನ್. ಅದು ಹಳೆಯ ಮಾದರಿ ಎಂದು ಹೇಳಿ ತೋರಿಸಿದರೆ ಪರವಾಗಿಲ್ಲ. ಹೇಳದೆ ತೋರಿಸಿದರೆ ಪಿಯುಸಿಗೆ ಹೋದಾಗ ಮಗು ಅದನ್ನು ಅಳಿಸಿಕೊಳ್ಳಲು ಒದ್ದಾಡುತ್ತದೆ.

ಪದಗಳನ್ನೂ ಗಮನಿಸಿ. ನಮ್ಮ ಪಠ್ಯದಲ್ಲಿ ಜವ ಬೇರೆ, ವೇಗ ಬೇರೆ. ವಿಡಿಯೋದವರು ಎರಡಕ್ಕೂ ವೇಗ ಎಂದೇ ಹೇಳಿರಬಹುದು. ಅಂಥ ಕಡೆ ನಿಲ್ಲಿಸಿ ತಿದ್ದಿ.

ಇಂಗ್ಲಿಷ್ ವಿಡಿಯೋ ಚೆನ್ನಾಗಿದ್ದು ಭಾಷೆಯೇ ತೊಡಕಾದರೆ ಒಂದು ಸುಲಭದ ದಾರಿ ಇದೆ. ಧ್ವನಿ ಪೂರ್ತಿ ಬಂದ್ ಮಾಡಿ, ನೀವೇ ಕನ್ನಡದಲ್ಲಿ ಮಾತಾಡಿ. ನಿಮ್ಮ ಮಕ್ಕಳಿಗೆ ಎಲ್ಲಿ ನಿಧಾನ ಬೇಕು ಅನ್ನುವುದು ಪರದೇಶದ ನಿರೂಪಕನಿಗೆ ಗೊತ್ತಿಲ್ಲ, ನಿಮಗೆ ಗೊತ್ತು. ಯಂತ್ರ ತಾನಾಗಿ ಹಾಕುವ ಕನ್ನಡ ಅಡಿಬರಹವನ್ನು ಮಾತ್ರ ನೆಚ್ಚಬೇಡಿ. ವಿಜ್ಞಾನದ ಪದಗಳಲ್ಲಿ ಅದು ಆಗಾಗ ಎಡವುತ್ತದೆ.

ಕತ್ತರಿಸಿ

ಎಡೆಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ವಿಡಿಯೋ ಬಳಕೆಯನ್ನು ಅಳೆದು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದೆ. ವಿಡಿಯೋ ಎಷ್ಟೇ ಉದ್ದ ಇದ್ದರೂ ಜನ ಮನಸ್ಸಿಟ್ಟು ನೋಡುವುದು ಹೆಚ್ಚೆಂದರೆ ಆರು ನಿಮಿಷ ಎಂದು ಅದರಲ್ಲಿ ಕಂಡಿತು. ಅವರು ತಾವಾಗಿ ಸೇರಿಕೊಂಡ ದೊಡ್ಡವರು. ಊಟದ ನಂತರದ ಪೀರಿಯಡ್‌ನಲ್ಲಿ ಕೂತ ಹದಿನಾಲ್ಕರ ಮಕ್ಕಳಿಗೆ ಮೂರು, ನಾಲ್ಕು ನಿಮಿಷ ಸಾಕು. ಹನ್ನೆರಡು ನಿಮಿಷದ ವಿಡಿಯೋದಲ್ಲಿ ನಿಮಗೆ ಬೇಕಾದದ್ದು 3ನೇ ನಿಮಿಷದಿಂದ 5ನೇ ನಿಮಿಷದವರೆಗೆ ಇದ್ದರೆ ಅಷ್ಟನ್ನೇ ತೋರಿಸಿ. ಶುರು, ಕೊನೆ ಎರಡನ್ನೂ ಪಾಠದ ಟಿಪ್ಪಣಿಯಲ್ಲಿ ಬರೆದುಕೊಳ್ಳಿ. ‘ನಮಸ್ಕಾರ ಸ್ನೇಹಿತರೇ’ಯಿಂದ ಹಿಡಿದು ‘ಬೆಲ್ ಬಟನ್ ಒತ್ತಿ’ವರೆಗೂ ಕೂರಿಸುವುದು ಪೀರಿಯಡ್ ಹಾಳು.

ಎಲ್ಲೆಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ಮೊದಲೇ ಗುರುತು ಮಾಡಿ. ಫಲಿತಾಂಶ ಕಾಣುವ ಒಂದು ಸೆಕೆಂಡು ಮೊದಲು ಒಂದು ನಿಲುಗಡೆ ಇರಲೇಬೇಕು.

ತಾಂತ್ರಿಕ ತಯಾರಿ

ಕರೆಂಟು, ನೆಟ್ ಎರಡನ್ನೂ ನಂಬಿ ತರಗತಿಗೆ ಹೋಗಬೇಡಿ. ಆ್ಯಪ್‌ನಲ್ಲಿ ಇಳಿಸಿಕೊಳ್ಳುವ ಸೌಲಭ್ಯ ಇದ್ದರೆ ಮನೆಯಲ್ಲೇ ಇಳಿಸಿಕೊಳ್ಳಿ. ಫೈಲ್ ಇದ್ದರೆ ಪೆನ್‌ಡ್ರೈವ್‌ನಲ್ಲೂ ಫೋನ್‌ನಲ್ಲೂ ಒಂದೊಂದು ಪ್ರತಿ ಇರಲಿ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ಹಾಕಿಸಿ. ಅದು ಉಚಿತ, ಹೆಚ್ಚುಕಡಿಮೆ ಎಲ್ಲ ಬಗೆಯ ಫೈಲೂ ಓಡುತ್ತದೆ. ಅದರಲ್ಲಿ ಇಂಗ್ಲಿಷಿನ ‘ಇ’ (E) ಅಕ್ಷರದ ಕೀ ಒತ್ತಿದಾಗಲೆಲ್ಲ ವಿಡಿಯೋ ಒಂದೊಂದೇ ಫ್ರೇಮ್, ಅಂದರೆ ಒಂದೊಂದೇ ಬಿಡಿ ಚಿತ್ರ, ಮುಂದೆ ಹೋಗುತ್ತದೆ. ಯೂಟ್ಯೂಬ್ ಆದರೆ ನಿಲ್ಲಿಸಿಟ್ಟು, ಕೀಬೋರ್ಡಿನ ಪೂರ್ಣವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಮುಂದಕ್ಕೆ, ಅಲ್ಪವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಹಿಂದಕ್ಕೆ. ಭೌತಶಾಸ್ತ್ರದ ಮೇಷ್ಟ್ರಿಗೆ ಇಷ್ಟು ಗೊತ್ತಿದ್ದರೆ ಬಹಳ ಕೆಲಸ ಆಗುತ್ತದೆ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಮಕ್ಕಳು ಬರುವ ಮೊದಲು ಕೊನೆಯ ಬೆಂಚಿನಲ್ಲಿ ಕೂತು ಪರದೆ ನೋಡಿ. ಅಲ್ಲಿಂದ ಅಕ್ಷರ ಕಾಣದಿದ್ದರೆ, ಮಾತು ಕೇಳದಿದ್ದರೆ, ಅರ್ಧ ತರಗತಿಗೆ ನೀವು ಏನನ್ನೂ ತೋರಿಸಿದಂತಾಗಲಿಲ್ಲ.

ತರಗತಿಯಲ್ಲಿ: ಊಹೆ, ನೋಟ, ವಾದ

ಒಂದು ನಿಜವಾದ ತುಣುಕು ತೆಗೆದುಕೊಂಡು ಹಂತ ಹಂತವಾಗಿ ಹೇಳುತ್ತೇನೆ. 1971ರ ಆಗಸ್ಟ್‌ನಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಿಂದ ಸುತ್ತಿಗೆ, ಇನ್ನೊಂದು ಕೈಯಿಂದ ಗಿಡುಗದ ಗರಿ ಒಟ್ಟಿಗೇ ಬಿಟ್ಟರು. ಸುತ್ತಿಗೆ 1.32 ಕೆ.ಜಿ., ಗರಿ 30 ಗ್ರಾಂ. ನಾಸಾದ ಈ ದೃಶ್ಯ ಎಲ್ಲ ಕಡೆ ಸಿಗುತ್ತದೆ. ಒಂಬತ್ತನೇ ತರಗತಿಯ ಗುರುತ್ವ ಪಾಠಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ವಿಡಿಯೋ ತೆರೆಯಬೇಡಿ. ಮೊದಲು ಒಂದು ನಾಣ್ಯ, ಒಂದು ಹಾಳೆ ಹಿಡಿದು ಎರಡನ್ನೂ ಒಟ್ಟಿಗೆ ಬಿಡಿ. ನಾಣ್ಯ ಮೊದಲು ಬೀಳುತ್ತದೆ. ‘ಯಾಕೆ?’ ಎಂದು ಕೇಳಿ. ‘ಭಾರ ಜಾಸ್ತಿ ಇರೋದು ಬೇಗ ಬೀಳುತ್ತೆ ಸಾರ್’ ಅನ್ನುತ್ತಾರೆ. ಸರಿ, ತಪ್ಪು ಏನೂ ಹೇಳಬೇಡಿ. ಅದೇ ಹಾಳೆಯನ್ನು ಉಂಡೆ ಕಟ್ಟಿ ಮತ್ತೆ ಬಿಡಿ. ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬೀಳುತ್ತವೆ. ಹಾಳೆಯ ಭಾರ ಬದಲಾಗಲಿಲ್ಲ, ಬೀಳುವ ರೀತಿ ಬದಲಾಯಿತು. ತರಗತಿಯಲ್ಲಿ ಗುಸುಗುಸು ಶುರುವಾಗುತ್ತದೆ.

ಈಗ ಬೋರ್ಡಿನ ಮೇಲೆ ಪ್ರಶ್ನೆ ಬರೆಯಿರಿ: ‘ಚಂದ್ರನ ಮೇಲೆ ಸುತ್ತಿಗೆ, ಗರಿ ಒಟ್ಟಿಗೆ ಬಿಟ್ಟರೆ ಏನಾಗುತ್ತದೆ?’ ಸುತ್ತಿಗೆ ಮೊದಲು, ಗರಿ ಮೊದಲು, ಎರಡೂ ಒಟ್ಟಿಗೆ, ಎರಡೂ ತೇಲುತ್ತವೆ. ನಾಲ್ಕು ಆಯ್ಕೆ. ಪ್ರತಿ ಮಗುವೂ ತನ್ನ ಉತ್ತರವನ್ನೂ ಒಂದು ಸಾಲಿನ ಕಾರಣವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬರೆಯುವುದು ಕಡ್ಡಾಯ. ಬಾಯಲ್ಲಿ ಕೇಳಿದರೆ ಮುಂದಿನ ಬೆಂಚಿನ ನಾಲ್ಕು ಜನ ಹೇಳುತ್ತಾರೆ, ಉಳಿದವರು ಸುಮ್ನೆ ತಲೆಯಾಡಿಸುತ್ತಾರೆ. ಬರೆದಾದ ಮೇಲೆ ಕೈ ಎತ್ತಿಸಿ, ಯಾವ ಆಯ್ಕೆಗೆ ಎಷ್ಟು ಮಂದಿ ಎಂದು ಬೋರ್ಡಿನಲ್ಲಿ ಹಾಕಿ.

‘ತೇಲುತ್ತವೆ’ ಎಂದವರನ್ನು ವಿಶೇಷವಾಗಿ ಮಾತಾಡಿಸಿ. ಚಂದ್ರನಲ್ಲಿ ಗಾಳಿ ಇಲ್ಲ, ಹಾಗಾಗಿ ಗುರುತ್ವವೂ ಇಲ್ಲ ಅನ್ನುವುದು ಬಹಳ ಮಕ್ಕಳ ನಂಬಿಕೆ. ಗಾಳಿಯೇ ವಸ್ತುಗಳನ್ನು ಕೆಳಗೆ ಒತ್ತುತ್ತದೆ ಎಂದು ಅವರು ಅಂದುಕೊಂಡಿರುತ್ತಾರೆ. ಈ ನಂಬಿಕೆ ಹೊರಗೆ ಬಂದದ್ದೇ ನಿಮ್ಮ ಅರ್ಧ ಪಾಠ. ನಗಬೇಡಿ, ಬೇರೆಯವರು ನಗಲೂ ಬಿಡಬೇಡಿ. ಒಂದು ಸಲ ನಗೆಪಾಟಲಾದ ಮಗು ಮುಂದಿನ ಸಲ ತನ್ನ ಊಹೆಯನ್ನು ಮುಚ್ಚಿಟ್ಟುಕೊಂಡು ಪಕ್ಕದವನದ್ದನ್ನು ಬರೆಯುತ್ತದೆ.

ಈಗ ವಿಡಿಯೋ. ಕೈ ಬಿಡುವ ಮುಂಚೆ ನಿಲ್ಲಿಸಿ. ‘ಯಾರಾದರೂ ಉತ್ತರ ಬದಲಿಸುತ್ತೀರಾ?’ ಎಂದು ಕೇಳಿ. ಆಮೇಲೆ ಓಡಿಸಿ. ಮತ್ತೊಮ್ಮೆ ಓಡಿಸಿ. ಮೊದಲ ಸಲ ಮಕ್ಕಳು ಆಶ್ಚರ್ಯಪಡುತ್ತಾರೆ, ಎರಡನೇ ಸಲವೇ ಅವರು ನಿಜವಾಗಿ ನೋಡುವುದು.

ನೋಡಿದ ಮೇಲೆ ನೀವು ವಿವರಣೆಗೆ ಇಳಿಯಬೇಡಿ. ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಲು ಬಿಡಿ. ‘ನಿನ್ನ ಊಹೆಯಲ್ಲಿ ಯಾವುದು ಸರಿ ಇತ್ತು, ಯಾವುದು ತಪ್ಪಿತ್ತು?’ ಇಷ್ಟೇ ಪ್ರಶ್ನೆ. ಕೊನೆಗೆ ಲೆಕ್ಕ ಕೊಡಿ. ಚಂದ್ರನ ಗುರುತ್ವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 1.6 ಮೀಟರ್, ಭೂಮಿಯದರ ಆರನೇ ಒಂದು ಭಾಗ. ಬಿಟ್ಟ ಎತ್ತರ 1.6 ಮೀಟರ್ ಎಂದು ಇಟ್ಟುಕೊಂಡರೆ ನೆಲ ಮುಟ್ಟಲು ಸುಮಾರು 1.4 ಸೆಕೆಂಡು ಬೇಕು. ಭೂಮಿಯ ಮೇಲಾದರೆ 0.6 ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಈಗ ಮತ್ತೆ ವಿಡಿಯೋ ಹಾಕಿ, ಫೋನಿನ ಸ್ಟಾಪ್‌ವಾಚ್‌ನಲ್ಲಿ ಅಳೆಯಲು ಹೇಳಿ. ಸೂತ್ರ ಪರದೆಯ ಮೇಲೆ ನಿಜವಾಗುವುದನ್ನು ಮಕ್ಕಳು ತಾವೇ ಕಾಣುತ್ತಾರೆ.

ಊಹೆ ಬರೆಸುವುದಕ್ಕೆ ಇಷ್ಟು ಸಮಯ ಯಾಕೆ ಅನ್ನಬಹುದು. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರದ ತರಗತಿಗಳಲ್ಲಿ ಇದನ್ನೇ ಪರೀಕ್ಷಿಸಿ 2004ರಲ್ಲಿ ಬರೆದಿದ್ದಾರೆ. ಪ್ರಯೋಗವನ್ನು ಬರೀ ನೋಡಿದ ವಿದ್ಯಾರ್ಥಿಗಳಿಗೂ, ನೋಡದೇ ಇದ್ದವರಿಗೂ ಅರ್ಥವಾದದ್ದರಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಮೊದಲು ಊಹಿಸಿ ಆಮೇಲೆ ನೋಡಿದವರು ಮುಂದಿದ್ದರು.

ವಿದ್ಯುಚ್ಛಕ್ತಿ ಪಾಠಕ್ಕೂ ಇದೇ ದಾರಿ. ಫೆಟ್‌ನಲ್ಲಿ ಒಂದೇ ಬಗೆಯ ಎರಡು ಬಲ್ಬನ್ನು ಸರಣಿಯಲ್ಲಿ ಜೋಡಿಸಿಟ್ಟು, ಸ್ವಿಚ್ ಹಾಕುವ ಮೊದಲು ‘ಯಾವುದು ಜಾಸ್ತಿ ಉರಿಯುತ್ತದೆ?’ ಎಂದು ಕೇಳಿ. ಬ್ಯಾಟರಿಗೆ ಹತ್ತಿರ ಇರುವುದು ಎಂದು ಬಹಳ ಮಂದಿ ಬರೆಯುತ್ತಾರೆ. ಎರಡೂ ಒಂದೇ ಸಮ ಉರಿದಾಗ ಕರೆಂಟು ‘ಖರ್ಚಾಗುವ’ ನಂಬಿಕೆ ಅಲ್ಲಾಡುತ್ತದೆ.

ಊರಿನ ಲೆಕ್ಕ ಕೊಡಿ

ವಿಡಿಯೋ ಎಲ್ಲಿಯದಾದರೂ ಆಗಲಿ, ಅದರ ನಂತರ ಕೇಳುವ ಪ್ರಶ್ನೆ ನಮ್ಮ ಊರಿನದಾಗಿರಲಿ. ಈ ಸೀಮೆಯಲ್ಲಿ ಅದಕ್ಕೆ ಬೇಕಾದ್ದೆಲ್ಲ ಇದೆ.

ವಿದ್ಯುತ್ತಿನ ಉಷ್ಣ ಪರಿಣಾಮದ ವಿಡಿಯೋ ತೋರಿಸಿದಿರಾ? ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಜಲವಿದ್ಯುತ್ ಕೇಂದ್ರ ಶುರುವಾಗಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು ಎಂದು ಹೇಳಿ. ಅಷ್ಟು ಉದ್ದದ ತಂತಿ ಬಿಸಿಯಾಗಿ ವಿದ್ಯುತ್ತೆಲ್ಲ ದಾರಿಯಲ್ಲೇ ಯಾಕೆ ಹಾಳಾಗಲಿಲ್ಲ? ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ ಪ್ರವಾಹದ ವರ್ಗದಷ್ಟು ಏರುತ್ತದೆ ಎಂದು ಜೌಲ್ ನಿಯಮ ಹೇಳುತ್ತದೆ. ವೋಲ್ಟೇಜ್ ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿ ಸಾಗಿಸಲು ಪ್ರವಾಹ ಹತ್ತನೇ ಒಂದು ಭಾಗ ಸಾಕು. ಹಾಗಾದರೆ ನಷ್ಟ ಎಷ್ಟನೇ ಒಂದು ಭಾಗ? ನೂರನೇ ಒಂದು ಎಂದು ಮಕ್ಕಳೇ ಹೇಳಲಿ. ಪ್ರವಾಸಕ್ಕೆ ಹೋಗಿ ಜಲಪಾತ ನೋಡಿ ಬಂದ ಮಕ್ಕಳಿಗೆ ಈ ಲೆಕ್ಕ ಮರೆಯುವುದಿಲ್ಲ.

ದ್ರವದ ಒತ್ತಡಕ್ಕೆ ಕನ್ನಂಬಾಡಿ ಇದೆ. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ದಿನಾ ಬರುವ ಕೆಆರ್‌ಎಸ್ ಮಟ್ಟವನ್ನು ಕತ್ತರಿಸಿ ತರಲು ಹೇಳಿ. ತುಂಬಿದಾಗ 124.80 ಅಡಿ, ಅಂದರೆ ಸುಮಾರು 38 ಮೀಟರ್. ಪ್ರತಿ 10 ಮೀಟರ್ ನೀರಿಗೆ ಹೆಚ್ಚುಕಡಿಮೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. ಅಷ್ಟು ಆಳದಲ್ಲಿ ಎಷ್ಟಾಯಿತು? ಅಷ್ಟೇ ಎತ್ತರದ ಒಂದು ಸಣ್ಣ ಪೈಪಿನಲ್ಲಿ ನೀರು ತುಂಬಿದರೆ ತಳದಲ್ಲಿ ಒತ್ತಡ ಕಡಿಮೆಯಾ? ‘ಕಡಿಮೆ’ ಅನ್ನುವವರೇ ಜಾಸ್ತಿ ಇರುತ್ತಾರೆ. ಅಲ್ಲಿಂದ ವಾದ ಶುರು ಮಾಡಿ.

ರಸಾಯನಶಾಸ್ತ್ರಕ್ಕೆ ಬೇರೆ ಎಚ್ಚರ

ರಸಾಯನದ ಕಷ್ಟವೇ ಬೇರೆ. ಇಲ್ಲಿ ಮಗು ಒಂದೇ ಸಂಗತಿಯನ್ನು ಮೂರು ಮಟ್ಟದಲ್ಲಿ ನೋಡಬೇಕು. ಕಣ್ಣಿಗೆ ಕಾಣುವ ಬದಲಾವಣೆ, ಕಾಣದ ಕಣಗಳ ಓಡಾಟ, ಬೋರ್ಡಿನ ಮೇಲಿನ ಸಮೀಕರಣ. ಗ್ಲಾಸ್ಗೋದ ಅಲೆಕ್ಸ್ ಜಾನ್‌ಸ್ಟನ್ ಎಂಬ ರಸಾಯನ ಶಿಕ್ಷಣ ತಜ್ಞರು ಇದನ್ನು ಮೊದಲು ಹೀಗೆ ಬಿಡಿಸಿ ಹೇಳಿದವರು. ಅನುಭವಿ ಮೇಷ್ಟ್ರು ಮೂರರ ನಡುವೆ ಗೊತ್ತೇ ಆಗದಂತೆ ಓಡಾಡುತ್ತಾರೆ. ಮಗು ಮೊದಲನೆಯದರಲ್ಲೇ ನಿಂತಿರುತ್ತದೆ.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ನಿಜವಾದ ಕ್ರಿಯೆ, ಸಾಧ್ಯವಾದರೆ ಕೈಯಲ್ಲಿ, ಇಲ್ಲವಾದರೆ ವಿಡಿಯೋದಲ್ಲಿ. ಆಮೇಲೆ ‘ಒಳಗೆ ಏನಾಗುತ್ತಿರಬಹುದು, ಕಣಗಳನ್ನು ಚುಕ್ಕಿ ಹಾಕಿ ಬರಿ’ ಎಂದು ಚಿತ್ರ ಬರೆಸಿ. ಅದಾದ ಮೇಲೆ ಆ್ಯನಿಮೇಷನ್. ಮಗು ತನ್ನ ಚಿತ್ರವನ್ನು ಅದಕ್ಕೆ ಹೋಲಿಸಿ ತಿದ್ದಲಿ. ಸಮೀಕರಣ ಎಲ್ಲಕ್ಕಿಂತ ಕೊನೆಗೆ.

ಹತ್ತನೇ ತರಗತಿಯ ಮೊದಲ ಪಾಠದಲ್ಲಿ ಬೆಳ್ಳಿಯ ಕ್ಲೋರೈಡ್ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗುವ ಕ್ರಿಯೆ ಇದೆ. ಶಾಲೆಯಲ್ಲಿ ಬೆಳ್ಳಿಯ ಲವಣ ಇರುವುದು ಕಷ್ಟ, ವಿಡಿಯೋ ಬೇಕೇ ಬೇಕು. ವಿಡಿಯೋಗೆ ಮೊದಲು ಕೇಳಿ: ‘ವೋಟು ಹಾಕಿ ಬಂದ ಅಪ್ಪ ಅಮ್ಮನ ಬೆರಳಿನ ಶಾಯಿ ಯಾಕೆ ಸೋಪಿಗೆ ಹೋಗೋದಿಲ್ಲ?’ ಆ ಶಾಯಿ ತಯಾರಾಗುವುದು ಮೈಸೂರಿನಲ್ಲೇ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಹೆಸರಾದ ಕಾರ್ಖಾನೆಯಲ್ಲಿ. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತಿದೆ. ಅದರಲ್ಲಿ ಬೆಳ್ಳಿಯ ನೈಟ್ರೇಟ್ ಇದೆ. ಚರ್ಮದ ಮೇಲಿನ ಉಪ್ಪಿನ ಜೊತೆ ಸೇರಿ ಬೆಳ್ಳಿಯ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಾಗ ಅದು ಒಡೆದು ಸಣ್ಣ ಸಣ್ಣ ಬೆಳ್ಳಿಯ ಕಣಗಳಾಗಿ ಕಪ್ಪಾಗಿ ಚರ್ಮದಲ್ಲಿ ಕೂರುತ್ತದೆ. ಆ ಚರ್ಮ ಉದುರಿ ಹೊಸದು ಬರುವವರೆಗೂ ಇರುತ್ತದೆ. ಪಠ್ಯದಲ್ಲಿ ಇರುವ ಒಂದು ಸಾಲಿನ ಕ್ರಿಯೆ ಈಗ ಅಮ್ಮನ ಬೆರಳಿನ ಮೇಲೆ ಬಂತು.

ಆ್ಯನಿಮೇಷನ್ ತೋರಿಸುವಾಗ ಅದರ ಸುಳ್ಳುಗಳನ್ನೂ ಹೇಳಿ. ಆಮ್ಲಜನಕದ ಪರಮಾಣು ಕೆಂಪಗಿಲ್ಲ, ಅದು ಗುರುತಿಗೆ ಕೊಟ್ಟ ಬಣ್ಣ. ಬಂಧ ಎಂದರೆ ಎರಡು ಗುಂಡುಗಳ ನಡುವಿನ ಕಡ್ಡಿ ಅಲ್ಲ. ನೀರಿನಲ್ಲಿ ಅಣುಗಳು ಅಷ್ಟು ದೂರ ದೂರ ಇರುವುದಿಲ್ಲ, ನೋಡಲು ಅನುಕೂಲವಾಗಲಿ ಎಂದು ಬಿಡಿಸಿ ತೋರಿಸಿದ್ದಾರೆ. ತಂತಿಯೊಳಗೆ ಎಲೆಕ್ಟ್ರಾನ್ ಓಡೋಡಿ ಹೋಗುವಂತೆ ತೋರಿಸುತ್ತಾರೆ, ನಿಜಕ್ಕೂ ಅವು ಮುಂದೆ ಸರಿಯುವುದು ಸೆಕೆಂಡಿಗೆ ಮಿಲಿಮೀಟರ್ ಲೆಕ್ಕದಲ್ಲಿ, ಅದಕ್ಕಿಂತ ನಿಧಾನವಾಗಿಯೂ ಇರಬಹುದು. ‘ಈ ವಿಡಿಯೋದಲ್ಲಿ ನಿಜವಲ್ಲದ್ದು ಏನೇನಿದೆ?’ ಎಂದು ಮಕ್ಕಳಿಗೇ ಕೇಳಿ ನೋಡಿ. ಬಹಳ ಚುರುಕಾಗಿ ಹುಡುಕುತ್ತಾರೆ.

ನಿಮ್ಮದೇ ವಿಡಿಯೋ ಮಾಡಿ

ಭೌತಶಾಸ್ತ್ರದಲ್ಲಿ ನೋಡುವ ವಿಡಿಯೋಗಿಂತ ಮಕ್ಕಳು ತಾವೇ ತೆಗೆದ ವಿಡಿಯೋಗೆ ಬೆಲೆ ಜಾಸ್ತಿ. ಒಂದು ಫೋನ್, ಒಂದು ಟೇಪು, ಒಂದು ರಬ್ಬರ್ ಚೆಂಡು ಸಾಕು.

ಗೋಡೆಗೆ ಎರಡು ಮೀಟರ್ ಟೇಪು ನೆಟ್ಟಗೆ ಅಂಟಿಸಿ, ಸೊನ್ನೆ ಮೇಲಿರಲಿ. ಐದೈದು ಸೆಂಟಿಮೀಟರಿಗೆ ದಪ್ಪ ಗೆರೆ ಎಳೆಯಿರಿ, ಇಲ್ಲದಿದ್ದರೆ ವಿಡಿಯೋದಲ್ಲಿ ಓದಲಾಗುವುದಿಲ್ಲ. ಫೋನನ್ನು ಮೂರು ಮೀಟರ್ ಹಿಂದೆ, ಟೇಪಿನ ಮಧ್ಯದ ಎತ್ತರದಲ್ಲಿ, ಅಲ್ಲಾಡದಂತೆ ಇಡಿ. ಹತ್ತಿರ ಇಟ್ಟರೆ ಮೇಲಿನ, ಕೆಳಗಿನ ಅಳತೆಗಳು ಓರೆಯಾಗುತ್ತವೆ. ಬಿಸಿಲಿನ ಬೆಳಕು ಬೇಕು. ಬೆಳಕು ಕಡಿಮೆಯಾದರೆ ಚೆಂಡು ಉದ್ದನೆಯ ಮಸಕಾಗಿ ಕಾಣುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್ ಇಡಿ. ಚೆಂಡನ್ನು ಗೋಡೆಗೆ ಹತ್ತಿರವಾಗಿ, ಸೊನ್ನೆಯಿಂದ ಬಿಡಲು ಹೇಳಿ.

ಈಗ ಆ ವಿಡಿಯೋವನ್ನು ಒಂದೊಂದೇ ಫ್ರೇಮ್ ಓಡಿಸಿ. ಮೂರು ಫ್ರೇಮ್ ಎಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಮಕ್ಕಳು ಮೂರು ಮೂರು ಫ್ರೇಮಿಗೆ ಚೆಂಡು ಎಲ್ಲಿದೆ ಎಂದು ಓದಿ ಬರೆಯಲಿ. ಲೆಕ್ಕದ ಪ್ರಕಾರ ಸುಮಾರು 5, 20, 44, 78, 122 ಸೆಂಟಿಮೀಟರ್ ಬರಬೇಕು. ಎಲ್ಲವನ್ನೂ ಮೊದಲನೆಯ ಅಳತೆಯಿಂದ ಭಾಗಿಸಲು ಹೇಳಿ. 1, 4, 9, 16, 25ರ ಹತ್ತಿರ ಬರುತ್ತದೆ. ಬಿದ್ದ ದೂರ ಕಾಲದ ವರ್ಗದಂತೆ ಏರುತ್ತದೆ ಅನ್ನುವುದನ್ನು ಗೆಲಿಲಿಯೊ ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ ಕಂಡುಕೊಂಡರು. ಮದ್ದೂರಿನ ಒಂದು ಮಗು ಶಾಲೆಯ ಗೋಡೆಯ ಮೇಲೆ ಕಂಡುಕೊಳ್ಳಬಹುದು. ಅಳತೆ ಸರಿಯಾಗಿ ಬರದಿದ್ದರೆ ಸುಮ್ನೆ ಬಿಡಬೇಡಿ. ಬಿಟ್ಟ ಕ್ಷಣ ಯಾವ ಫ್ರೇಮ್, ಚೆಂಡಿನ ಯಾವ ಅಂಚನ್ನು ಓದಿದಿರಿ, ಫೋನ್ ನಿಜವಾಗಿ 30 ಫ್ರೇಮ್ ತೆಗೆಯಿತಾ ಎಂದು ಹುಡುಕಿಸಿ. ಆ ಹುಡುಕಾಟದಲ್ಲೇ ಪ್ರಯೋಗ ಮಾಡುವುದು ಏನೆಂದು ತಿಳಿಯುತ್ತದೆ.

ರಸಾಯನಕ್ಕೆ ಮಂಡ್ಯದ ಮಕ್ಕಳಿಗೆ ಆಲೆಮನೆಗಿಂತ ಬೇರೆ ಪ್ರಯೋಗಾಲಯ ಬೇಡ. ಕಬ್ಬಿನ ಹಾಲು ಸ್ವಲ್ಪ ಆಮ್ಲೀಯ. ಅದಕ್ಕೆ ಸುಣ್ಣ ಹಾಕುವುದು ಆ ಆಮ್ಲವನ್ನು ತಗ್ಗಿಸಿ, ಕಸ ಗಟ್ಟಿಯಾಗಿ ಮೇಲೆ ಬರಲಿ ಎಂದು. ಕೆಲವರು ಬೆಂಡೆ ಗಿಡದ ಲೋಳೆ ಹಾಕಿ ಕಸ ಎತ್ತುತ್ತಾರೆ. ನೀರು 100 ಡಿಗ್ರಿಗೆ ಕುದಿಯುತ್ತದೆ ಎಂದು ಪುಸ್ತಕ ಹೇಳುತ್ತದೆ. ಕೊಪ್ಪರಿಗೆಯ ಪಾಕ ಗಟ್ಟಿಯಾಗುತ್ತಾ ಹೋದಂತೆ ಕುದಿಯುವ ಉಷ್ಣತೆ ಏರುತ್ತದೆ, ಅಚ್ಚಿಗೆ ಸುರಿಯುವ ಹೊತ್ತಿಗೆ 118 ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ. ಯಾಕೆ? ಇಬ್ಬರು ಮೂವರು ಮಕ್ಕಳು ಮನೆಯ ದೊಡ್ಡವರ ಜೊತೆ ಹೋಗಿ, ಆಲೆಮನೆಯವರನ್ನು ಕೇಳಿಕೊಂಡು, ದೂರ ನಿಂತು ಮೂರು ನಿಮಿಷದ ವಿಡಿಯೋ ತರಲಿ. ಕುದಿಯುವ ಪಾಕ ಮೈಗೆ ಸಿಡಿದರೆ ಅಂಟಿಕೊಂಡು ಆಳವಾಗಿ ಸುಡುತ್ತದೆ, ಹಾಗಾಗಿ ದೂರ ಅನ್ನುವ ಮಾತನ್ನು ಮನೆಯವರಿಗೂ ತಿಳಿಸಿ. ಆ ವಿಡಿಯೋಗೆ ತರಗತಿಯಲ್ಲಿ ಮಕ್ಕಳೇ ವಿವರಣೆ ಕೊಡಲಿ. ಬೆಲ್ಲ ಮಾಡುವ ಮನೆಯ ಮಗು ಅವತ್ತು ಮೇಷ್ಟ್ರ ಜಾಗದಲ್ಲಿ ನಿಲ್ಲುತ್ತದೆ.

ಮನೆಗೆ ಕಳಿಸುವಾಗ

ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕ್ ಹಾಕಿ ‘ಎಲ್ಲರೂ ನೋಡಿ’ ಎಂದರೆ ಯಾರು ನೋಡಿದರು ಎಂದು ತಿಳಿಯುವುದಿಲ್ಲ. ಲಿಂಕಿನ ಜೊತೆ ಒಂದೇ ಒಂದು ಪ್ರಶ್ನೆ ಕಳಿಸಿ, ಉತ್ತರ ನೋಟ್‌ಬುಕ್ಕಿನಲ್ಲಿ ಬರಲಿ. ಫೋನ್ ಅಪ್ಪನ ಜೊತೆ ಗದ್ದೆಗೋ ಗಾರ್ಮೆಂಟ್ಸಿಗೋ ಹೋಗಿರುವ ಮನೆಗಳು ಬಹಳ. ಅಂಥ ಮಕ್ಕಳಿಗೆ ಮಾರನೆಯ ದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಶಾಲೆಯಲ್ಲೇ ತೋರಿಸುವ ಏರ್ಪಾಡು ಇಟ್ಟುಕೊಂಡೇ ಲಿಂಕ್ ಕಳಿಸಿ.

ತೋರಿಸಿದ ವಾರದ ನಂತರ, ವಿಡಿಯೋ ಇಲ್ಲದೆ, ಅದೇ ವಿಷಯವನ್ನು ಬೇರೆ ಸಂದರ್ಭದಲ್ಲಿ ಕೇಳಿ. ಸುತ್ತಿಗೆ, ಗರಿ ಬದಲು ‘ಗಾಳಿ ತೆಗೆದ ದೊಡ್ಡ ಕೋಣೆಯಲ್ಲಿ ತೆಂಗಿನಕಾಯಿ, ತೆಂಗಿನ ಗರಿ ಒಟ್ಟಿಗೆ ಬಿದ್ದರೆ?’ ಎಂದು. ನಿಮ್ಮ ವಿಡಿಯೋ ಕೆಲಸ ಮಾಡಿತಾ ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಅಪಾಯ ಮತ್ತು ಸುಳ್ಳು ವಿಡಿಯೋಗಳು

ಮಕ್ಕಳು ನೋಡಿದ್ದನ್ನು ಮನೆಯಲ್ಲಿ ಮಾಡಿ ನೋಡುತ್ತಾರೆ. ಅದು ಒಳ್ಳೆಯ ಗುಣ, ಹಾಗಾಗಿಯೇ ನಾವು ಮುಂಚೆ ಹೇಳಬೇಕು. ಪಟಾಕಿ ಮದ್ದು ಬಿಚ್ಚುವುದು, ಟಾಯ್ಲೆಟ್ ತೊಳೆಯುವ ಆಮ್ಲವನ್ನು ಬ್ಲೀಚಿಂಗ್ ಪೌಡರಿಗೆ ಸೇರಿಸುವುದು, ಫೋನಿನ ಬ್ಯಾಟರಿ ಚುಚ್ಚುವುದು, ಮನೆಯ ಪ್ಲಗ್ಗಿಗೆ ತಂತಿ ಹಾಕುವುದು: ಇವು ಬೇಡವೇ ಬೇಡ. ಕಾರಣವನ್ನೂ ಹೇಳಿ. ಆಮ್ಲ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಕುತ್ತು. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕುವ ಪ್ರಯೋಗವನ್ನೂ ನೀವು ನಿಂತು, ಮಕ್ಕಳ ಕಣ್ಣಿಗೆ ದೂರ ಇಟ್ಟು ಮಾಡಿ.

ಇನ್ನು ನಿಂಬೆಹಣ್ಣಿನಿಂದ ಫೋನ್ ಚಾರ್ಜ್, ಕಾಂತದಿಂದ ಸದಾ ತಿರುಗುವ ಫ್ಯಾನ್ ಎಂದು ಬರುವ ವಿಡಿಯೋಗಳು. ಮಕ್ಕಳು ಇವನ್ನು ತೋರಿಸಿಕೊಂಡು ಬಂದರೆ ಗದರಬೇಡಿ, ಅದನ್ನೇ ಪಾಠ ಮಾಡಿ. ಒಂದು ನಿಂಬೆಹಣ್ಣಿಗೆ ತಾಮ್ರದ ತಂತಿಯನ್ನೂ ಸತು ಲೇಪಿಸಿದ ಮೊಳೆಯನ್ನೂ ಚುಚ್ಚಿ, ಮಲ್ಟಿಮೀಟರ್ ಹಿಡಿಸಿ. ಒಂದು ವೋಲ್ಟಿಗಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. ಫೋನಿಗೆ ಬೇಕಾದದ್ದು 5 ವೋಲ್ಟ್. ‘ಹಾಗಾದರೆ ಆರು ನಿಂಬೆಹಣ್ಣು ಸಾಕಲ್ವಾ ಸಾರ್?’ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಕೇಳಿದವರ ಕೈಗೇ ಆರು ಹಣ್ಣು, ತಂತಿ, ಒಂದು ಎಲ್‌ಇಡಿ ಮತ್ತು ಮಲ್ಟಿಮೀಟರ್ ಕೊಡಿ. ವೋಲ್ಟ್ ಕೂಡುವುದನ್ನೂ, ಕರೆಂಟು ಮಾತ್ರ ಮಿಲಿಆಂಪಿಯರ್ ದಾಟದೆ ಒದ್ದಾಡುವುದನ್ನೂ ಅವರೇ ಅಳೆದು, ಆ ವಿಡಿಯೋದ ಪಕ್ಕದಲ್ಲಿ ತಮ್ಮ ಅಳತೆಯ ವಿಡಿಯೋ ಇಟ್ಟು ತರಗತಿಗೆ ತೋರಿಸಲಿ.